ಗೋದಲಿಯಲ್ಲಿ ಬಂಡೂರು ಕುರಿ

ಗಂಡನ ಮನೆ ಬಿಟ್ಟು ತವರಿಗೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ಯಾರೂ ನನ್ನನ್ನು ಕಳಿಸಲಿಲ್ಲ, ನಾನೇ ಬಂದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮೂರಿನಲ್ಲಿ ಇವತ್ತಿಗೂ ಕೆಲವರು ನನ್ನ ಮಾತು ಬಂದಾಗ 'ಪಾಪ, ಗಂಡ ಬುಟ್ಬುಟ್ನಂತೆ' ಎನ್ನುತ್ತಾರೆ. ಬಿಟ್ಟವಳು ನಾನು. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮದ್ದೂರಿನ ಬಸ್ಸು ಹತ್ತುವಾಗ ನನ್ನ ಹತ್ತಿರ ಇದ್ದದ್ದು ಒಂದು ಬಟ್ಟೆಯ ಚೀಲ, ಹೊಲಿಗೆ ಕಲಿತ ಸರ್ಟಿಫಿಕೇಟು, ಎಡಗಣ್ಣಿನ ಕೆಳಗೊಂದು ಬಾವು.

ನಮ್ಮೂರು ಬೆಸಗರಹಳ್ಳಿಗೆ ನಡೆದು ಹೋಗುವಷ್ಟು ಹತ್ತಿರ. ಅಪ್ಪ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿದ್ದವರು ಅವ್ವ ಮತ್ತು ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಬೇಸಾಯ ಮಾಡುವ ಗಂಡಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರುತ್ತಿರಲಿಲ್ಲ. ಮೇಲಿಂದ ಗಂಡನನ್ನು ಬಿಟ್ಟು ಬಂದ ತಂಗಿಯೊಬ್ಬಳು ಮನೆಯಲ್ಲಿ ಕೂತರೆ ಕೇಳಬೇಕೇ. ಅಣ್ಣ ನನಗೆ ಒಂದು ಕಟುಮಾತೂ ಆಡಲಿಲ್ಲ. ಆದರೆ ನೆಂಟರು ಬರುವ ದಿನ ನಾನು ಹಿತ್ತಲ ಕಡೆ ಇರಬೇಕೆಂದು ಅವನ ಮುಖವೇ ಹೇಳುತ್ತಿತ್ತು.

ಬಂದ ವರ್ಷವೇ ಡಿಸೆಂಬರಿನಲ್ಲಿ ಎರಡು ದಿನ ಜಡಿಮಳೆ ಹಿಡಿಯಿತು. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದಿದ್ದ ಜನ ನಮ್ಮ ಗದ್ದೆಯ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಗುಡಿಸಲು ಹಾಕಿಕೊಂಡಿದ್ದರು. ಗುಡಿಸಲೊಳಗೆ ಮೊಣಕಾಲುದ್ದ ನೀರು ನಿಂತಿತು. ಬೆಳಗ್ಗೆ ಹಾಲು ಕರೆದು ಮುಗಿಯುವ ಹೊತ್ತಿಗೆ ಅವರಲ್ಲೊಬ್ಬ ನಮ್ಮ ಬಾಗಿಲಿಗೆ ಬಂದ. ಹಿಂದೆ ಅವನ ಹೆಂಡತಿ, ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನೆನೆದು ತೊಪ್ಪೆಯಾಗಿ ನಿಂತಿದ್ದಳು. ನೋವು ಶುರುವಾಗಿತ್ತು.

ಅವತ್ತು ಹೆಣ್ಣಿನ ಕಡೆಯವರು ಅಣ್ಣನನ್ನು ನೋಡಲು ಬರುವವರಿದ್ದರು. ಅಣ್ಣ ಹೆಗಲ ಮೇಲೆ ಟವೆಲು ಹಾಕಿಕೊಂಡು, ಒಂದು ಕೈಯನ್ನು ಬಾಗಿಲ ಚೌಕಟ್ಟಿಗೆ ಅಡ್ಡ ಹಿಡಿದು ನಿಂತ.

"ಇಲ್ಲಿ ಜಾಗ ಇಲ್ಲ ಕಣಪ್ಪ. ಇವತ್ತು ನೆಂಟ್ರು ಬತ್ತಾವ್ರೆ" ಎಂದ.

ಅವ್ವ ಒಳಗಿಂದ ಬಂದವಳು ಅವನ ಕೈಯ ಕೆಳಗೆ ತಲೆ ಬಗ್ಗಿಸಿ ಆಚೆ ಹೋದಳು. ಆ ಹೆಂಗಸಿನ ಮುಖ ನೋಡಿದಳು. "ಆಲೆಮನೆಗೆ ಕರ್ಕಬಾ ಇವ್ಳ. ಲೇ ಅಮ್ಮಿ, ನನ್ ಕಂಬ್ಳಿ ತಕ್ಕೊ, ಬಿಸ್ನೀರು ಮಡಗು" ಎಂದು ನನಗೆ ಹೇಳಿದಳು.

ಆಲೆಮನೆ ಎಂದರೆ ನಾವು ಬೆಲ್ಲ ಕಾಯಿಸುವ ಜಾಗ. ನಾಲ್ಕು ಕಂಬ, ಮೇಲೆ ಹಳೆಯ ತಗಡು, ನಡುವೆ ಕೊಪ್ಪರಿಗೆ ಕೂರುವ ದೊಡ್ಡ ಒಲೆ. ಹಿಂದಿನ ದಿನ ಉರಿದ ಒಲೆಯ ಬಿಸಿ ಇನ್ನೂ ಇತ್ತು. ಮಳೆಯೆಂದು ಎತ್ತುಗಳನ್ನು ಅಲ್ಲೇ ಕಟ್ಟಿದ್ದೆವು. ಒಣಗಿದ ಕಬ್ಬಿನ ಸಿಪ್ಪೆ ಹರಡಿ, ಅದರ ಮೇಲೆ ಕಂಬಳಿ ಹಾಸಿ ಅವಳನ್ನು ಮಲಗಿಸಿದೆವು. ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಅವಳ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒಡೆದು ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಅವ್ವ ತನ್ನ ಹಳೆಯ ಸೀರೆ ಹರಿದು ಸುತ್ತಿದಳು.

ನೆಂಟರು ಬಂದು, ಕಾಫಿ ಕುಡಿದು, ಒಪ್ಪದೆ ಎದ್ದು ಹೋದರು. ಅವರು ಹೋದ ಮೇಲೆ ಅಣ್ಣ ಒಬ್ಬನೇ ಮಳೆಯಲ್ಲಿ ನಡೆದು ಹೋಗಿ ಎಲ್ಲಿಂದಲೋ ಒಂದು ಆಟೋ ಕರೆತಂದ. ತಾಯಿ ಮಗುವನ್ನು ಕೂರಿಸಿ ತಾನೂ ಮುಂದೆ ಕೂತು ಮದ್ದೂರಿನ ಆಸ್ಪತ್ರೆಗೆ ಹೋದ. ಕಬ್ಬು ಮುಗಿದ ಮೇಲೆ ಆ ಜನ ಬೇರೆ ಊರಿಗೆ ಹೋದರು. ಮತ್ತೆ ನಾವು ಅವರನ್ನು ಕಾಣಲಿಲ್ಲ.

ಮುಂದಿನ ಜೂನಿನಲ್ಲಿ ಮದ್ದೂರಿನ ಒಂದು ಕಾನ್ವೆಂಟ್ ಸ್ಕೂಲಿನಲ್ಲಿ ನನಗೆ ಹೊಲಿಗೆ ಮತ್ತು ಕ್ರಾಫ್ಟ್ ಟೀಚರ್ ಕೆಲಸ ಸಿಕ್ಕಿತು. ದಿನಾ ಬೆಸಗರಹಳ್ಳಿಯವರೆಗೆ ನಡೆದು ಬಸ್ಸು ಹಿಡಿಯಬೇಕಿತ್ತು. ಬಸ್ಸು ನಿಲ್ಲುವ ಜಾಗದ ಎದುರು ವಯಸ್ಸಾದ ಆಚಾರಿಯೊಬ್ಬರ ಕೊಟ್ಟಿಗೆ. ಬಾಗಿಲು, ಕಿಟಕಿ, ಮಂಚ ಅವರ ಕಸುಬು. ಕೈ ಬಿಡುವಾದಾಗ ಉಳಿದ ಚೂರುಗಳಲ್ಲಿ ಬೆರಳುದ್ದದ ಗಿಳಿ, ಆನೆ, ಬಾಗಿದ ಮುದುಕಿ, ಹೀಗೆ ಏನಾದರೂ ಕೆತ್ತಿ ಕಿಟಕಿಯ ದಂಡೆಯ ಮೇಲೆ ನಿಲ್ಲಿಸುತ್ತಿದ್ದರು. ನಾನು ಬಸ್ಸಿಗೆ ಕಾಯುವುದನ್ನು ಬಿಟ್ಟು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಎರಡು ಸಲ ಬಸ್ಸೂ ತಪ್ಪಿತು.

ಒಂದು ದಿನ ಅವರೇ ಕೇಳಿದರು. "ಏನವ್ವಾ, ದಿನಾ ನೋಡ್ತೀಯ. ಏನ್ ಬೇಕು?"

"ನಂಗೊಂದು ತುಂಡು ಕೊಡಿ, ನಾನೂ ಕೆತ್ತಿ ನೋಡ್ತೀನಿ."

"ಎಂಗಸ್ರು ಉಳಿ ಇಡಿಯಕ್ಕಿಲ್ಲ ಕಣವ್ವ."

"ಯಾಕೆ?"

ಅವರು ಉಳಿ ಕೆಳಗಿಟ್ಟು ನಿಜವಾಗಿಯೂ ಯೋಚನೆ ಮಾಡಿದರು. "ಗೊತ್ತಿಲ್ಲ" ಎಂದರು ಕೊನೆಗೆ. "ಇದುವರ್ಗೂ ಯಾರೂ ಕೇಳಿರ್ನಿಲ್ಲ."

ಮಾರನೆಯ ದಿನ ಒಂದು ತುಂಡು ಹಾಲೆ ಮರ ಕೊಟ್ಟರು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುತ್ತಾರಲ್ಲ, ಅದೇ ಮರ. ಹಸಿಯಿದ್ದಾಗ ಹಾಲು ಸುರಿಸುತ್ತದೆ, ಒಣಗಿದರೆ ದಂತದ ಹಾಗೆ ಬೆಳ್ಳಗೆ, ಕೈಗೆ ನುಣ್ಣಗೆ. "ಇದ್ರ ನಾರು ಯಾವ ಕಡೆ ಓಯ್ತದೆ ನೋಡ್ಕೊ. ಅದ್ರ ಸಂಗಡ ಓಗು. ಎದುರಿಗೋದ್ರೆ ಸೀಳ್ತದೆ" ಎಂದರು. ನಾನು ಮೊದಲು ಕೆತ್ತಿದ್ದು ಕೋಳಿ. ಕೊಕ್ಕು ಮುರಿಯಿತು. ಎರಡನೆಯದರ ಕೊಕ್ಕೂ ಮುರಿಯಿತು. ಏಳನೆಯ ಕೋಳಿಗೆ ಕೊಕ್ಕು ನಿಂತಿತು. ಅಷ್ಟರಲ್ಲಿ ಎಡಗೈಯ ಮೂರು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದೆ. ಅವರು ಆ ಕೋಳಿಯನ್ನು ಬೆಳಕಿಗೆ ಹಿಡಿದು ನೋಡಿ, "ದೊಡ್ದು ಕೆತ್ತೋನು ತಪ್ಪ ಮುಚ್ಕೋಬೋದು. ಸಣ್ದು ಕೆತ್ತೋನಿಗೆ ಆ ಸವ್ಲತ್ತಿಲ್ಲ" ಎಂದರು. ಆರು ವರ್ಷ ಅವರ ಕೊಟ್ಟಿಗೆಯಲ್ಲಿ ಕಲಿತೆ. ಅಣ್ಣನಿಗೆ ಇದು ಹಿಡಿಸಲಿಲ್ಲ. "ಒಲಿಗೆ ಸರಿ, ಎಣ್ಮಕ್ಕಳ ಕೆಲ್ಸ. ಇದೇನಮ್ಮಿ, ಆಚಾರಿ ಕೊಟ್ಗೇಲಿ ಕುಂತ್ಕಂಡು?" ಎಂದ. ನಾನು ಬಿಡಲಿಲ್ಲ.

ನಮ್ಮ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಮಂಗಳೂರು ಕಡೆಯ ಒಬ್ಬ ಸಿಸ್ಟರ್. ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದರು. ಪ್ರತಿ ಕ್ರಿಸ್ಮಸ್ಸಿಗೂ ಸ್ಕೂಲಿನ ಅಂಗಳದಲ್ಲಿ ಗೋದಲಿ ಕಟ್ಟುವ ಪದ್ಧತಿ ಇತ್ತು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಹುಲ್ಲು, ಮರಳು, ಗೊಂಬೆಗಳಿಂದ ತೋರಿಸುವುದು. ಹಬ್ಬ ಮುಗಿಯುವವರೆಗೆ ಊರಿನ ಚರ್ಚಿಗೆ ಬರುವವರೆಲ್ಲ ಬಂದು ನೋಡುತ್ತಿದ್ದರು. ಒಂದು ನವೆಂಬರಿನಲ್ಲಿ ಸಾಮಾನಿನ ಕೋಣೆಯ ಪೆಟ್ಟಿಗೆ ತೆಗೆದರೆ ಪ್ಲಾಸ್ಟರಿನ ಗೊಂಬೆಗಳೆಲ್ಲ ತೇವ ಹೀರಿ ಪುಡಿಯಾಗಿದ್ದವು. ಜೋಸೆಫನ ತಲೆ ಇರಲಿಲ್ಲ. ಯೇಸುವಿನ ತಾಯಿ ಮರಿಯಮ್ಮನ ಮುಖದ ಬಣ್ಣ ಎದ್ದು ಸಿಡುಬಿನ ಹಾಗೆ ಕಾಣುತ್ತಿತ್ತು.

"ಟೀಚರ್, ಇದನ್ನು ಅಂಟಿಸಲು ಸಾಧ್ಯವೇ?" ಎಂದು ಸಿಸ್ಟರ್ ಕೇಳಿದರು.

"ಇಲ್ಲ ಸಿಸ್ಟರ್. ಹೊಸದಾಗಿ ಮರದಲ್ಲಿ ಕೆತ್ತಿಕೊಡ್ತೀನಿ."

ಬಾಯಿಂದ ಬಂದುಬಿಟ್ಟಿತು. ನಾನು ಅದುವರೆಗೆ ಮನುಷ್ಯರನ್ನು ಸರಿಯಾಗಿ ಕೆತ್ತಿಯೇ ಇರಲಿಲ್ಲ. ಕಥೆ ಹೇಳಿ ಎಂದೆ. ಸಿಸ್ಟರ್ ಸ್ಟಾಫ್ ರೂಮಿನಲ್ಲಿ ಕೂತು ಹೇಳಿದರು. ತುಂಬು ಬಸುರಿಯನ್ನು ಕರೆದುಕೊಂಡು ಗಂಡ ದೂರದ ಊರಿಗೆ ಬರುತ್ತಾನೆ, ಛತ್ರದಲ್ಲಿ ಜಾಗ ಇಲ್ಲ ಎನ್ನುತ್ತಾರೆ, ದನ ಕಟ್ಟುವ ಕಡೆ ಹೆರಿಗೆಯಾಗುತ್ತದೆ. ಅವರು ಹೇಳುತ್ತಾ ಹೋದ ಹಾಗೆ ನನ್ನ ಮಣಿಕಟ್ಟು ನೋಯತೊಡಗಿತು. ನಾನು ಇದನ್ನು ನೋಡಿದ್ದೇನೆ ಎಂದು ಅವರಿಗೆ ಹೇಳಲಿಲ್ಲ. ಕೆತ್ತಿ ತೋರಿಸೋಣ ಎಂದುಕೊಂಡೆ.

ಮೂರು ವಾರ, ದಿನಾ ಸ್ಕೂಲು ಬಿಟ್ಟ ಮೇಲೆ ಆಚಾರಿಯವರ ಕೊಟ್ಟಿಗೆಯಲ್ಲಿ, ಭಾನುವಾರ ಮನೆಯ ಜಗುಲಿಯ ಮೇಲೆ ಕೆತ್ತಿದೆ. ಒಂದೊಂದು ಗೊಂಬೆಯೂ ಐದು ಬೆರಳಿನ ಎತ್ತರ. ತಾಯಿಗೆ ಸೀರೆ ಉಡಿಸಿದೆ, ಬಳ್ಳಾರಿ ಕಡೆಯವರ ಹಾಗೆ ತಲೆಯ ಮೇಲೆ ಸೆರಗು. ಮುಖದಲ್ಲಿ ಸುಸ್ತು ಇರಲಿ ಎಂದು ಕಣ್ಣನ್ನು ಅರ್ಧ ಮುಚ್ಚಿಸಿದೆ. ಹೆತ್ತ ಮಧ್ಯಾಹ್ನ ಯಾವ ಹೆಂಗಸೂ ಕೈಮುಗಿದು ಮಂಡಿಯೂರಿ ಕೂರುವುದಿಲ್ಲ. ಆದ್ದರಿಂದ ಮಲಗಿಸಿದೆ, ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಗು, ತಲೆಯ ಹತ್ತಿರ ಗಂಡ. ಅವಳ ಕಾಲ ಹತ್ತಿರ ಸೆರಗು ಸಿಗಿಸಿ ಕುಕ್ಕರಗಾಲಲ್ಲಿ ಕೂತ ಮುದುಕಿ. ಹಿಂದೆ ನಮ್ಮ ಹಳ್ಳಿಕಾರ್ ಎತ್ತು. ಅದರ ಕೊಂಬು ಹಿಂದಕ್ಕೆ ಬಾಗಿ ಮೇಲೇಳುತ್ತದೆ, ಮರದ ನಾರಿಗೆ ಅಡ್ಡ ಬರುವುದರಿಂದ ನಿಲ್ಲುವುದೇ ಇಲ್ಲ. ಕೊನೆಗೆ ಬಿದಿರು ಸೀಳಿ, ಬಿಸಿ ಮಾಡಿ ಬಗ್ಗಿಸಿ ತಲೆಗೆ ಕೂರಿಸಿದೆ.

ಕುರಿಗೋಸ್ಕರ ಒಂದು ಭಾನುವಾರ ಕಿರುಗಾವಲಿಗೆ ಹೋದೆ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ, ಅವರ ಹಿತ್ತಲಲ್ಲಿ ಬಂಡೂರು ಕುರಿಗಳಿದ್ದವು. ಗಿಡ್ಡ ಕಾಲು, ಪೀಪಾಯಿಯ ಹಾಗೆ ಮೈ, ಕತ್ತಿನ ಕೆಳಗೆ ಜೋತಾಡುವ ಎರಡು ಸಣ್ಣ ತೊಗಲು. ಹಿಂದಿನಿಂದ ನೋಡಿದರೆ ತಲೆಕೆಳಗೆ ಮಾಡಿದ ಕುದುರೆ ಲಾಳ. ಇಡೀ ದಿನ ಕೊಟ್ಟಿಗೆಯಲ್ಲಿ ಕೂತು ಕಾಗದದ ಮೇಲೆ ಚಿತ್ರ ಬರೆದುಕೊಂಡೆ. "ಅಲ್ ಕಣಮ್ಮಿ, ಜನ ಇದ್ನ ತಿನ್ನಕ್ಕೆ ಬತ್ತಾರೆ, ನೀನು ಬರ್ಕಳಕ್ಕೆ ಬಂದಿದೀಯಲ್ಲ" ಎಂದು ಚಿಕ್ಕಮ್ಮ ನಕ್ಕಳು.

ರಾಜರು ಮೂವರು ಒಂಟೆಯ ಮೇಲೆ ಕಾಣಿಕೆ ತರುತ್ತಾರೆ ಎಂದಿದ್ದರು ಸಿಸ್ಟರ್. ನಾನು ರಾಜರನ್ನು ನೋಡಿಲ್ಲ. ಅಚ್ಚುಬೆಲ್ಲದ ಕುಕ್ಕೆ ಹೊತ್ತ ಗಂಡಸು, ಎಳನೀರು ಹಿಡಿದ ಹೆಂಗಸು, ರಾಗಿ ಮೂಟೆಯ ಮುದುಕ, ಈ ಮೂವರು ಬಂದರು. ಆಮೇಲೆ ಕೊನೆಯದಾಗಿ ಒಂದು ಬಾಗಿಲು ಕೆತ್ತಿದೆ. ಬಾಗಿಲಲ್ಲಿ ಟವೆಲು ಹಾಕಿಕೊಂಡು ಕೈ ಅಡ್ಡ ಹಿಡಿದ ಒಬ್ಬ ಗಂಡಸು.

ಹಾಲೆ ಮರ ಬೆಳ್ಳಗಿರುತ್ತದಲ್ಲ. ಚಹಾದ ಕಷಾಯ ಕಾಯಿಸಿ, ಅದಕ್ಕೆ ಕಾವಿ ಬೆರೆಸಿ ಮುಖ, ಕೈ, ಕಾಲಿಗೆ ಮೂರು ಸಲ ಹಚ್ಚಿದೆ. ಸೀರೆಗೆ ಅರಿಶಿನ, ಕೂದಲಿಗೆ ದೀಪದ ಕಪ್ಪು. ನಮ್ಮ ಬಣ್ಣ ಬಂತು.

ಸಿಸ್ಟರ್ ಒಂದೊಂದೇ ಗೊಂಬೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಮಲಗಿದ ತಾಯಿಯ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ನಾವಿಬ್ಬರೂ ಸೇರಿ ಅಂಗಳದಲ್ಲಿ ಗೋದಲಿ ಕಟ್ಟಿದೆವು.

ಮಾರನೆಯ ಬೆಳಗ್ಗೆ ಚರ್ಚಿನ ಸಮಿತಿಯ ಹಿರಿಯರೊಬ್ಬರು ಬಂದರು. ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಷರಟು, ಮೆಲ್ಲನೆಯ ದನಿ. ಗೋದಲಿಯ ಮುಂದೆ ಬಹಳ ಹೊತ್ತು ನಿಂತು ನನ್ನನ್ನು ಕರೆಸಿದರು.

"ಕೆಲಸ ಚೆನ್ನಾಗಿದೆಯಮ್ಮ, ಅದನ್ನು ಅಲ್ಲಗಳೆಯೋಲ್ಲ. ಆದರೆ ಒಂಟೆ ಎಲ್ಲಿ?"

"ಒಂಟೆ ಹೇಗೆ ಕಾಲು ಮಡಿಸುತ್ತೆ ಅಂತ ನಾನು ನೋಡಿಲ್ಲ ಸಾರ್."

"ಕುರಿ ಇಷ್ಟು ಗಿಡ್ಡ ಇರುತ್ತಾ?"

"ನಮ್ಮ ಕಡೆ ಇರುತ್ತೆ."

ಅವರು ತಾಯಿಯ ಗೊಂಬೆಯನ್ನು ಬೆರಳಿನಿಂದ ತೋರಿಸಿದರು. "ಇದು ಬೆಳ್ಳಗಿರೋ ಮರ ಅಂತ ಕೇಳಿದೆ. ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ನೀವು ಕಷ್ಟಪಟ್ಟು ಕಪ್ಪು ಮಾಡಿದ್ದೀರಿ."

"ಹೌದು ಸಾರ್. ಕಷ್ಟಪಟ್ಟೇ ಮಾಡಿದ್ದೀನಿ."

ಅವರಿಗೆ ಅದು ಉದ್ಧಟತನ ಎನ್ನಿಸಿರಬೇಕು. ಅವರು ಸಿಸ್ಟರ್ ಕಡೆ ತಿರುಗಿದರು. "ಜನ ಪ್ರಾರ್ಥನೆ ಮಾಡೋ ಜಾಗ ಸಿಸ್ಟರ್. ದೇವಮಾತೆ ಹೀಗೆ ಕೂಲಿಯವಳ ಥರ ಬಿದ್ದುಕೊಂಡಿದ್ದರೆ ಹೇಗೆ? ಬಿಳಿ ಬಣ್ಣ ಹೊಡೆಸಿ. ಆ ಮುದುಕೀನೂ ಬಾಗಿಲಲ್ಲಿರೋನನ್ನೂ ತೆಗೆಸಿ. ಇಲ್ಲದಿದ್ದರೆ ಬೆಂಗಳೂರಿಂದ ಪ್ಲಾಸ್ಟರಿನದು ತರಿಸೋಣ."

ನಾನು ಸಿಸ್ಟರ್ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. "ಟೀಚರ್, ಸ್ವಲ್ಪ ತಿಳಿ ಬಣ್ಣವಾದರೂ..." ಎಂದರು.

ಗಂಡನ ಮನೆಯಲ್ಲಿ ನನಗೆ ಎಲ್ಲರೂ ಹೇಳುತ್ತಿದ್ದದ್ದು ಇದೇ. ಸ್ವಲ್ಪ ತಗ್ಗು, ಸ್ವಲ್ಪ ಸುಮ್ಮನಿರು, ಸ್ವಲ್ಪವಾದರೂ. ಆ 'ಸ್ವಲ್ಪ' ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ನಾನು ಗೋದಲಿಯ ಮುಂದೆ ಕೂತು, ಹುಲ್ಲು ಸರಿಸಿ, ಗೊಂಬೆಗಳನ್ನು ಒಂದೊಂದಾಗಿ ಎತ್ತಿ ಸೀರೆಯ ಮಡಿಲಿಗೆ ಹಾಕಿಕೊಂಡೆ. ಒಂದೂ ಬೀಳಲಿಲ್ಲ.

"ಪ್ಲಾಸ್ಟರಿನದೇ ತರಿಸ್ಕೊಳ್ಳಿ ಸಾರ್. ಇವರು ಹೀಗೇ ಇರ್ತಾರೆ" ಎಂದೆ.

ಅರ್ಧ ದಿನದ ರಜೆ ಬರೆದಿಟ್ಟು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಮಡಿಲಿನೊಳಗೆ ಇಣುಕಿ, "ಕುರಿ ಚೆನ್ನಾಗದೆ" ಎಂದಳು. ಆಗ ಅಳು ಬಂತು. ಬೆಸಗರಹಳ್ಳಿ ಬರುವಷ್ಟರಲ್ಲಿ ನಿಲ್ಲಿಸಿಕೊಂಡೆ.

ಮನೆಗೆ ಬಂದವಳೇ ಜಗುಲಿಯ ಮೇಲೆ ಮಣ್ಣು ಹರಡಿ, ಕಬ್ಬಿನ ಸಿಪ್ಪೆ ಹಾಸಿ, ನಾಲ್ಕು ಕಡ್ಡಿ ನೆಟ್ಟು ತಗಡಿನ ಚೂರು ಮುಚ್ಚಿದೆ. ಗೊಂಬೆಗಳನ್ನು ಅವರವರ ಜಾಗದಲ್ಲಿ ಇಟ್ಟೆ. ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಬೇಕೆಂದೇ ಇಟ್ಟೆ.

ಅವ್ವ ಮೊರ ಹಿಡಿದು ಬಂದವಳು ನಿಂತಳು. ಬಗ್ಗಿ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಕೆಳಗೆ ಕೂತಳು.

"ಇವ್ಳು ನಾನಲ್ವಾ?" ಎಂದಳು, ಕುಕ್ಕರಗಾಲಲ್ಲಿ ಕೂತ ಮುದುಕಿಯನ್ನು ಮುಟ್ಟಿ.

"ಊ ಕಣವ್ವ."

"ಆ ಮಗೀಗೆ ಈಗ ಏಳು ವರ್ಸ ಆಗಿರ್ತದೆ" ಎಂದಳು. ಅವ್ವ ಲೆಕ್ಕ ಇಟ್ಟುಕೊಂಡಿದ್ದಾಳೆಂದು ನನಗೆ ಅವತ್ತೇ ಗೊತ್ತಾಗಿದ್ದು.

ಸಂಜೆಯ ಹೊತ್ತಿಗೆ ಊರೆಲ್ಲ ಸುದ್ದಿಯಾಯಿತು. ಹೆಂಗಸರು ಬಂದು ಎತ್ತು ಯಾರದ್ದು, ಎಳನೀರಿನವಳು ಯಾರು ಎಂದು ಗುರುತು ಹಿಡಿಯತೊಡಗಿದರು. ಬಾಗಿಲಲ್ಲಿ ನಿಂತವನನ್ನು ಗುರುತು ಹಿಡಿಯಲು ಯಾರಿಗೂ ಕಷ್ಟವಾಗಲಿಲ್ಲ. ಆ ಟವೆಲು, ಆ ಕೈ. ಆದರೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮೂಗಿನಲ್ಲಿ ನಕ್ಕರು.

ಮಾರನೆಯ ದಿನ ದೇವಸ್ಥಾನದ ಕಡೆಯ ಇಬ್ಬರು ಹಿರಿಯರು ಬಂದು ಜಗುಲಿಯ ಕೆಳಗೆ ನಿಂತರು. ಅಣ್ಣ ಮನೆಯಲ್ಲೇ ಇದ್ದ. ಅಷ್ಟರಲ್ಲಿ ಅವನಿಗೆ ಮದುವೆಯಾಗಿ ಮನೆಗೆ ಅತ್ತಿಗೆ ಬಂದಿದ್ದಳು, ಅವಳು ಬಾಗಿಲ ಹಿಂದೆ ನಿಂತಳು.

"ಏನಮ್ಮಿ ಇದು? ನೀನೇನು ಆ ಕಡೀಕೆ ಸೇರ್ಕಂಬುಟ್ಯಾ?" ಎಂದು ಒಬ್ಬರು ಕೇಳಿದರು.

"ನಾನು ಎಲ್ಗೂ ಸೇರಿಲ್ಲ ದೊಡ್ಡಪ್ಪ. ನೀವೆಲ್ಲ ಸೇರ್ಕೊಂಡು ಒಂದ್ಸಲ ಒಂದು ಮನೇಗೆ ಸೇರ್ಸುದ್ರಿ, ಅಲ್ಲಿಂದ್ಲೇ ವಾಪಸ್ ಬಂದಿದ್ದೀನಿ. ಇನ್ನೆಲ್ಲಿಗೂ ಸೇರಾಕಿಲ್ಲ."

"ಮತ್ತೆ ಇವ್ರ ದೇವ್ರು ನಮ್ ಜಗ್ಲೀಲಿ ಯಾಕೆ?"

ಅದಕ್ಕೆ ಉತ್ತರ ಕೊಟ್ಟವಳು ಅವ್ವ. ರಾಗಿ ಕೇರುವುದನ್ನು ನಿಲ್ಲಿಸದೆ ಹೇಳಿದಳು. "ಎತ್ತು ನಮ್ದು. ಕುರಿ ನಮ್ದು. ಬೆಲ್ಲ ನಮ್ದು. ಸೂಲಗಿತ್ತಿ ನಾನು. ಮಗ ಯಾರ್ದಾದ್ರೆ ನಿಮ್ಗೇನ್ಲಾ? ಬಾಣಂತಿ ಮಲ್ಗವ್ಳೆ, ಒಸಿ ಮೆತ್ಗೆ ಮಾತಾಡಿ."

ಅವರಿಬ್ಬರೂ ಅವ್ವನಿಗಿಂತ ಚಿಕ್ಕವರು. ಇನ್ನೂ ಸ್ವಲ್ಪ ಹೊತ್ತು ನಿಂತು, ಎತ್ತಿನ ಕೊಂಬು ಹೇಗೆ ಕೂರಿಸಿದೆ ಎಂದು ಕೇಳಿ, ಹೊರಟುಹೋದರು. ಊರಿನ ಬಾಯಿ ಅಲ್ಲಿಗೇ ಮುಚ್ಚಲಿಲ್ಲ. ನಮ್ಮನ್ನು ಎರಡು ಮದುವೆಗೆ ಕರೆಯಲಿಲ್ಲ. ಹಾಲಿನ ಡೇರಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ನನಗೆ ಅಭ್ಯಾಸವಿತ್ತು. ಅಣ್ಣನಿಗೆ ಇರಲಿಲ್ಲ.

ಅಣ್ಣ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಬಡಿಸಿದರೆ ಎದ್ದು ಹೋಗುತ್ತಿದ್ದ, ಅತ್ತಿಗೆ ಬಡಿಸಬೇಕಿತ್ತು. ನಾಲ್ಕನೆಯ ದಿನ ಬೆಳಗ್ಗೆ ನಾನು ಸ್ಕೂಲಿಗೆ ಹೊರಟಾಗ ಅವನು ಜಗುಲಿಯ ಮೇಲೆ ಗೋದಲಿಯ ಮುಂದೆ ಕೂತಿದ್ದ.

"ಇವ್ನ ತಗಿ" ಎಂದ, ಬಾಗಿಲಲ್ಲಿ ನಿಂತವನನ್ನು ತೋರಿಸಿ.

"ತಗಿಯಕ್ಕಿಲ್ಲ."

"ಊರೆಲ್ಲ ನಗ್ತದೆ ಕಣಮ್ಮಿ."

"ನಗ್ಲಿ. ನನ್ ನೋಡ್ಕಂಡೂ ಇಷ್ಟು ವರ್ಷ ನಕ್ಕಿದ್ದಾರೆ. ನೀನು ಅವತ್ತು ಅಲ್ಲಿ ನಿಂತಿದ್ದೆ. ಇಲ್ಲ ಅನ್ನು, ತೆಗೀತೀನಿ."

ಅವನು ಇಲ್ಲ ಎನ್ನಲಿಲ್ಲ. ಟವೆಲನ್ನು ಹೆಗಲಿನಿಂದ ತೆಗೆದು ಮಡಿಸಿದ, ಮತ್ತೆ ಬಿಚ್ಚಿದ. ಆಮೇಲೆ ಬೇರೆಯದೇ ದನಿಯಲ್ಲಿ, "ನಾನು ಆಟೋ ತಂದ್ನಲ್ಲಾ. ಮಳೇಲಿ ಮೂರು ಮೈಲಿ ನಡ್ಕಂಡೋಗಿ ತಂದೆ. ಅದ್ ಯಾಕೆ ಕೆತ್ನಿಲ್ಲ ನೀನು?" ಎಂದ.

ಮೂರು ವಾರ ಕೂತು ಕೆತ್ತಿದಾಗ ಅವನ ಅಡ್ಡ ಕೈಯನ್ನು ನಾನು ಒಂದು ಗೀರೂ ಬಿಡದ ಹಾಗೆ ನೆನಪಿಟ್ಟಿದ್ದೆ. ಅವನು ನೆನೆದು ಬಂದದ್ದು ನೆನಪಾಗಿಯೇ ಇರಲಿಲ್ಲ. ಸಣ್ಣದು ಕೆತ್ತುವವಳಿಗೆ ತಪ್ಪು ಮುಚ್ಚಿಕೊಳ್ಳಲು ಜಾಗ ಇರುವುದಿಲ್ಲ ಎಂದು ನನಗೆ ಆಚಾರಿಯವರು ಹೇಳಿದ್ದರು. ನಾನು ತಪ್ಪಿದ್ದೆ.

"ಕೆತ್ತೀನಿ" ಎಂದೆ. "ಆದ್ರೆ ಇವ್ನೂ ಇರ್ತಾನೆ. ಎರಡೂ ನೀನೇ."

ಅವನು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಇರ್ಲಿ ಬುಡು" ಎಂದು ಎದ್ದು ಗದ್ದೆಗೆ ಹೋದ.

ಎರಡು ದಿನದಲ್ಲಿ ಆಟೋ ಕೆತ್ತಿದೆ. ಅಂಗೈಯಷ್ಟು ಗಾತ್ರ, ಮೂರು ಚಕ್ರ, ಮುಂದಿನ ಸೀಟಿನಲ್ಲಿ ಡ್ರೈವರಿನ ಪಕ್ಕ ಒತ್ತಿಕೊಂಡು ಕೂತ, ಒದ್ದೆ ಕೂದಲು ಹಣೆಗೆ ಅಂಟಿದ ಒಬ್ಬ ಗಂಡಸು. ಬೆಲ್ಲದವನ ಮುಂದೆ ನಿಲ್ಲಿಸಿದೆ. ಅದನ್ನು ನೋಡಲು ಊರಿನ ಗಂಡಸರೂ ಬಂದರು. ಅಣ್ಣ ಎಲ್ಲರಿಗೂ ಆಟೋ ತೋರಿಸುತ್ತಿದ್ದ. ಬಾಗಿಲಿನವನ ಬಗ್ಗೆ ಯಾರಾದರೂ ಕೇಳಿದರೆ, "ಅವ್ನೂ ನಾನೇ ಕಣ್ಲಾ" ಎನ್ನುತ್ತಿದ್ದ. ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ಕ್ರಿಸ್ಮಸ್ಸಿನ ಮಾರನೆಯ ದಿನ ಸಿಸ್ಟರ್ ಬಸ್ಸಿನಲ್ಲಿ ಬಂದರು. ಬೆಸಗರಹಳ್ಳಿಯಿಂದ ಬಿಸಿಲಲ್ಲಿ ನಡೆದುಕೊಂಡು ಬಂದಿದ್ದರು, ಚಪ್ಪಲಿಯ ತುಂಬ ಧೂಳು. ಜಗುಲಿಯ ಮುಂದೆ ನಿಂತು, ಆಟೋ ನೋಡಿ, ಮೊದಲ ಸಲ ಜೋರಾಗಿ ನಕ್ಕರು. ಅವ್ವ ಕೊಟ್ಟ ಮಜ್ಜಿಗೆ ಕುಡಿದರು. ಆಮೇಲೆ ನನ್ನ ಪಕ್ಕ ಕೂತು, "ಅವತ್ತು ನಾನು ಮಾತಾಡಬೇಕಿತ್ತು ಟೀಚರ್. ಮಾತಾಡಲಿಲ್ಲ. ನನಗೆ ಹೆದರಿಕೆಯಾಯಿತು" ಎಂದರು.

"ಹೌದು ಸಿಸ್ಟರ್, ಮಾತಾಡಬೇಕಿತ್ತು" ಎಂದೆ. ಪರವಾಗಿಲ್ಲ ಎನ್ನಲಿಲ್ಲ. ಪರವಾಗಿರಲಿಲ್ಲವಲ್ಲ.

ಅವರು ತಲೆಯಾಡಿಸಿದರು. ಅವ್ವ ಅವರಿಗೆ ಆಲೆಮನೆಯ ಹೆರಿಗೆಯನ್ನು ಮೊದಲಿನಿಂದ ಹೇಳಿದಳು. ಸಿಸ್ಟರಿಗೆ ಅವ್ವನ ಮಾತು ಅರ್ಧವೂ ತಿಳಿಯಲಿಲ್ಲವೇನೋ, ಆದರೆ ಅವ್ವನ ಕೈ ಹಿಡಿದುಕೊಂಡೇ ಕೇಳಿದರು.

ಮುಂದಿನ ವರ್ಷ ಅವರೇ ಸಮಿತಿಯ ಮುಂದೆ ಹೋಗಿ, ಸ್ಕೂಲಿನ ಗೋದಲಿ ಸ್ಕೂಲಿನ ವಿಷಯ ಎಂದು ಹೇಳಿಬಂದರು. ನಾನು ಒಂದು ಕರಾರು ಹಾಕಿದೆ. ಯಾರೂ ಬಣ್ಣ ಮುಟ್ಟಬಾರದು, ಯಾರನ್ನೂ ತೆಗೆಯಬಾರದು. ಸಮಿತಿಯ ಆ ಹಿರಿಯರು ಬಂದರು, ನೋಡಿದರು, ಮೆಚ್ಚಲಿಲ್ಲ. ಆಮೇಲೂ ಮೆಚ್ಚಲಿಲ್ಲ. ಅವರ ಮೊಮ್ಮಗಳು ಮಾತ್ರ ಪ್ರತಿ ವರ್ಷ ಬಂದು ಆಟೋದ ಮುಂದೆ ಕೂರುತ್ತಿದ್ದಳು.

ಈಗ ಮಂಡ್ಯ, ಮಳವಳ್ಳಿ, ಮೈಸೂರಿನಿಂದಲೂ ಗೋದಲಿ ಗೊಂಬೆ ಬೇಕೆಂದು ಜನ ಫೋನು ಮಾಡುತ್ತಾರೆ. ನನ್ನನ್ನು ಬಡಿದ ಮನೆಯಿರುವ ಮಳವಳ್ಳಿಯ ಬೀದಿಯಲ್ಲೇ ಎರಡು ಮನೆಯಲ್ಲಿ ನನ್ನ ಗೊಂಬೆಗಳಿವೆ. ಕೊಡಲು ನಾನೇ ಹೋಗಿದ್ದೆ, ನಡುಬೀದಿಯಲ್ಲಿ, ಹಗಲು ಹೊತ್ತಿನಲ್ಲಿ, ತಲೆಯೆತ್ತಿಕೊಂಡು. ಕೆಲವರು ಫೋನಿನಲ್ಲಿ, ಬೆಳ್ಳಗೆ ಮಾಡಿಕೊಡುತ್ತೀರಾ ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. ಯಾಕೆ ಎಂದು ಕೇಳಿದರೆ ಕಾರಣ ಹೇಳುತ್ತೇನೆ, ಕೇಳದವರಿಗೆ ಹೇಳುವುದಿಲ್ಲ.

ಹೋದ ತಿಂಗಳು ಮಂಡ್ಯದ ಡಾಕ್ಟರಮ್ಮ ನನ್ನ ಬಲಗೈಯ ಎಕ್ಸ್‌ರೇ ನೋಡಿ, ಹೆಬ್ಬೆರಳಿನ ಕೀಲು ಸವೆದಿದೆ, ಉಳಿ ಕೆಳಗಿಡಿ ಎಂದರು.

"ಎಷ್ಟು ದಿನ ಡಾಕ್ಟ್ರೇ?"

"ದಿನ ಅಲ್ಲ. ಇನ್ನು ಸಾಕು."

ಬರೆದುಕೊಟ್ಟ ಮಾತ್ರೆ ತೆಗೆದುಕೊಂಡೆ, ಮುಲಾಮೂ ಹಚ್ಚುತ್ತಿದ್ದೇನೆ, ಆ ಮಟ್ಟಿಗೆ ಅವರ ಮಾತು ಕೇಳಿದ್ದೇನೆ. ಮನೆಗೆ ಬಂದ ದಿನವೇ ಉಳಿಯನ್ನು ಎಡಗೈಗೆ ಕೊಟ್ಟೆ. ಐವತ್ತರ ಹತ್ತಿರದ ಎಡಗೈ ಏನೂ ಕೇಳುವುದಿಲ್ಲ, ಮೊದಲ ವಾರ ಎಲ್ಲವನ್ನೂ ಸೀಳಿತು. ನಿನ್ನೆ ಒಂದು ನಾಯಿ ಮುಗಿಸಿದೆ. ಒಂದು ಕಿವಿ ದಪ್ಪ, ಬಾಲ ಮೊಂಡು. ಜಗುಲಿಯ ಮೇಲೆ ನಿಲ್ಲಿಸಿದೆ, ಬೀಳಲಿಲ್ಲ. ಇವತ್ತು ಎರಡನೆಯದಕ್ಕೆ ಮರ ಕೊಯ್ದಿಟ್ಟಿದ್ದೇನೆ.